ಕಬಡ್ಡಿ ಅಂಕಣದಲ್ಲಿ ಕಾಲರ್ ಮೈಕು

ಪತ್ರಿಕೋದ್ಯಮದ ಎರಡನೇ ವರ್ಷದಲ್ಲಿ ನಮಗೆಲ್ಲ ಒಂದೊಂದು ಕ್ರೀಡಾ ವಿಡಿಯೊ ಮಾಡುವ ಕೆಲಸ ಬಿತ್ತು. ಬರೀ ಆಟ ತೋರಿಸಿದರೆ ಸಾಲದು, ವರದಿಗಾರರೇ ಅಂಕಣಕ್ಕಿಳಿದು ಆಡಬೇಕು, ಆಡುತ್ತಲೇ ವೀಕ್ಷಕರಿಗೆ ವಿವರಿಸಬೇಕು ಎಂದರು ನಮ್ಮ ಮೇಡಂ. ತರಗತಿಯ ಹುಡುಗರು ಕ್ರಿಕೆಟ್ಟು, ವಾಲಿಬಾಲು, ಕೊನೆಗೆ ಕೇರಂ ಬೋರ್ಡನ್ನೂ ಬಿಡದೆ ಹಂಚಿಕೊಂಡರು. ನನಗೆ ಉಳಿದದ್ದು ಕಬಡ್ಡಿ. ಶಾಲೆಯಲ್ಲಿ ಕುಂಟೆಬಿಲ್ಲೆ ಬಿಟ್ಟು ಬೇರೇನೂ ಆಡಿದವಳಲ್ಲ ನಾನು.

ಸೊರಬದಲ್ಲಿ ಹುಡುಗಿಯರ ಒಳ್ಳೆಯ ತಂಡವಿದೆ ಎಂದು ಕೇಳಿ, ಒಂದು ಭಾನುವಾರ ಶಿಕಾರಿಪುರದಿಂದ ಬಸ್ಸು ಹತ್ತಿದೆ. ಜೊತೆಗೆ ಅಂಜನಾಪುರದ ನನ್ನ ಗೆಳತಿ. ಕ್ಯಾಮೆರಾ ಅವಳ ಜವಾಬ್ದಾರಿ; ಕ್ಯಾಮೆರಾ ಎಂದರೆ ಅವಳ ಅಣ್ಣನ ಮೊಬೈಲು. ದಾರಿಯುದ್ದಕ್ಕೂ ನಾನು ಹೇಳಬೇಕಾದ ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಚಂದ್ರಗುತ್ತಿಯ ದೇವಿಗೆ ಹಣ್ಣುಕಾಯಿ ಮಾಡಿಸಲು ಹೊರಟಿದ್ದ ಅಜ್ಜಿಯೊಬ್ಬರು ಮುಂದಿನ ಸೀಟಿನಿಂದ ತಿರುಗಿ, "ಪರೀಕ್ಷೆ ಐತೇನವ್ವಾ? ಅಮ್ಮನ ಹತ್ರ ನಿಂದೂ ಒಂದು ಮಾತು ಹೇಳ್ತೀನಿ ಬಿಡು" ಎಂದರು.

ಮೈದಾನದಲ್ಲಿ ತರಬೇತಿ ಕೊಡುತ್ತಿದ್ದ ಮೇಷ್ಟ್ರು, "ಆಟ ಗೊತ್ತೇನ್ರೀ?" ಎಂದು ಕೇಳಿದರು. ಗೊತ್ತು ಸಾರ್ ಎಂದೆ. ಟೀವಿಯಲ್ಲಿ ನೋಡಿದ್ದೆನಲ್ಲ. ಅಂಗಿಯ ಕಾಲರಿಗೆ ತಂತಿಯಿಲ್ಲದ ಮೈಕು ಸಿಕ್ಕಿಸಿಕೊಂಡು, ಕಬಡ್ಡಿ ಕಬಡ್ಡಿ ಎನ್ನುತ್ತಾ ಮಧ್ಯದ ಗೆರೆ ದಾಟಿದೆ. ನಾಲ್ಕು ಹೆಜ್ಜೆ ಇಟ್ಟವಳು ಕ್ಯಾಮೆರಾದತ್ತ ತಿರುಗಿ, "ವೀಕ್ಷಕರೇ, ನಾನೀಗ ಎದುರಾಳಿಗಳ ಅಂಕಣದಲ್ಲಿ..." ಎಂದೆ. ಸೀಟಿ ಕೇಳಿಸಿತು.

"ಔಟ್," ಎಂದರು ಮೇಷ್ಟ್ರು.

"ಯಾರೂ ಮುಟ್ಟೇ ಇಲ್ವಲ್ಲ ಸಾರ್?"

"ಮುಟ್ಟೋದೇ ಬ್ಯಾಡ ಕಣ್ರೀ. ಕಬಡ್ಡಿ ಬಿಟ್ಟು ಬೇರೆ ಮಾತಾಡಿದ್ರೆ ಮುಗೀತು."

ವಿವರಿಸದಿದ್ದರೆ ಕಾಲೇಜಿನ ಅಂಕವಿಲ್ಲ, ವಿವರಿಸಿದರೆ ಆಟವಿಲ್ಲ. ಎರಡನೇ ಸಲ ಪಿಸುಗುಟ್ಟಿ ನೋಡಿದೆ. ಮೇಷ್ಟ್ರ ಕಿವಿ ಚುರುಕಾಗಿತ್ತು. ಮತ್ತೊಮ್ಮೆ ಕಬಡ್ಡಿ ಎನ್ನುತ್ತಲೇ ಕೈಸನ್ನೆಯಲ್ಲಿ ಎಲ್ಲವನ್ನೂ ತೋರಿಸತೊಡಗಿದೆ: ಇದು ಗೆರೆ, ಇವರು ಏಳು ಜನ, ನಾನು ಒಬ್ಬಳೇ. ಇದೇನೋ ಹೊಸ ಪಟ್ಟು ಇರಬೇಕೆಂದು ಹುಡುಗಿಯರು ಗಾಬರಿಯಾಗಿ ಹಿಂದೆ ಸರಿದರು. "ಅದೆಂಥ ಡ್ಯಾನ್ಸ್ ರೀ?" ಎಂದರು ಮೇಷ್ಟ್ರು. ಅಷ್ಟರಲ್ಲಿ ಉದ್ದನೆಯ ಹುಡುಗಿಯೊಬ್ಬಳು ನನ್ನ ಕಾಲು ಹಿಡಿದೆಳೆದಳು. ಉಳಿದವರೆಲ್ಲ ಮೇಲೆ ಬಿದ್ದರು.

ರಾಶಿಯ ಅಡಿಯಲ್ಲಿ ನನಗೆ ಮಣ್ಣು ಬಿಟ್ಟರೆ ಏನೂ ಕಾಣಲಿಲ್ಲ. ಗೆಳತಿ ಮೊಬೈಲನ್ನು ಹುಲ್ಲಿನ ಮೇಲೆ ಬಿಸಾಡಿ, "ಬಿಡ್ರೇ, ಸಾಯ್ತಾಳ ಆಕಿ" ಎಂದು ಓಡಿಬಂದು ಯಾರದೋ ಜಡೆ ಹಿಡಿದು ಎಳೆದಳು. ಹೊರಗಿನವರು ಅಂಕಣದೊಳಗೆ ಬರಬಾರದೆಂದು ಮೇಷ್ಟ್ರು ಅವಳಿಗೂ ಸೀಟಿ ಊದಿದರು.

ಸಂಜೆ ಕೂತು ನೋಡಿದರೆ, ಶುರುವಿನ ನನ್ನ ಕೈಸನ್ನೆ ಬಿಟ್ಟರೆ ವಿಡಿಯೊ ತುಂಬ ಬರೀ ಆಕಾಶ. ನಡುವೆ ಒಂದು ಹಸು ಬಂದು ಮೊಬೈಲನ್ನು ಮೂಸಿ, ಒಮ್ಮೆ ನೆಕ್ಕಿ, ಹೋಗಿತ್ತು. ಆದರೆ ಕಾಲರಿನ ಮೈಕು ತನ್ನ ಕೆಲಸ ಬಿಟ್ಟಿರಲಿಲ್ಲ.

"ಅದು ನನ್ನ ಕಾಲು ಕಣೇ, ಅವ್ಳದ್ದು ಆ ಕಡೆ."

"ಉಸಿರಾಡ್ತಿದಾಳಾ ನೋಡೇ ಮಾರಾಯ್ತಿ."

"ಆಡ್ತಿದಾಳೆ. ಇನ್ನೂ ವೀಕ್ಷಕರೇ ಅಂತಿದಾಳೆ."

ಬೇರೇನೂ ಇಲ್ಲದ್ದರಿಂದ ತರಗತಿಯಲ್ಲಿ ಅದನ್ನೇ ಹಾಕಿದೆವು. ಹುಡುಗರು ಬೆಂಚು ಬಡಿದು ನಕ್ಕರು. ನಾನು ತಲೆ ತಗ್ಗಿಸಿ ಕೂತಿದ್ದೆ. ಮೇಡಂ ಕಣ್ಣೊರೆಸಿಕೊಂಡು, "ಕಬಡ್ಡಿ ಏನಂತ ತಿಳೀಲಿಲ್ಲ, ಆದರೆ ಆ ರಾಶಿಯೊಳಗೆ ನಾನೂ ಇದ್ದಂಗಾಯ್ತು. ಇನ್ನೊಂದ್ಸಲ ಹೋಗಿ ಬಾ. ಮೊದಲು ಆಡು, ಆಮೇಲೆ ಮಾತಾಡು" ಎಂದರು. ಅಷ್ಟು ಸಣ್ಣ ವಿಷಯ ತಿಳಿಯಲು ನಾನು ಏಳು ಜನರ ಅಡಿಗೆ ಬೀಳಬೇಕಾಯಿತು.

ಮುಂದಿನ ಭಾನುವಾರ ಹುಡುಗಿಯರೇ ನನಗೆ ಕಾಲಿಡುವುದು, ಬಾಗುವುದು, ಉಸಿರು ಹಿಡಿಯುವುದನ್ನು ಹೇಳಿಕೊಟ್ಟರು. ಮಧ್ಯಾಹ್ನದ ಹೊತ್ತಿಗೆ, ಹೇಗೋ ಏನೋ, ಆ ಉದ್ದನೆಯ ಹುಡುಗಿಯ ಭುಜ ಸವರಿ ಗೆರೆಯ ಈಚೆ ಬಂದು ಬಿದ್ದೆ. ಗೆಳತಿ ಈ ಸಲ ಮೊಬೈಲು ಬಿಡಲಿಲ್ಲ, ಹತ್ತಿರ ಬಂದು, "ಹೇಳು ಈಗ" ಎಂದಳು. ಬಾಯಿ ತೆರೆದೆ. ಏದುಸಿರು ಬಿಟ್ಟರೆ ಒಂದಕ್ಷರ ಹೊರಡಲಿಲ್ಲ. ಉದ್ದನೆಯ ಹುಡುಗಿ ನನ್ನ ಪಕ್ಕ ಬಂದು ಕೂತು, ಜಡೆ ಹಿಂದಕ್ಕೆ ಹಾಕಿಕೊಂಡು, ಕ್ಯಾಮೆರಾಕ್ಕೆ ಗಂಭೀರವಾಗಿ ಹೇಳಿದಳು: "ಇವ್ರು ನನ್ನನ್ನ ಮುಟ್ಟಿದ್ರು. ನಾನು ಔಟ್."