ಬೀರಪ್ಪನಿಗೆ ನಾನು ಹೇಳಿದ ಸುಂಕ

ಬೀರಪ್ಪಾ, ದುಬೈಯಿಂದ ನಿನಗೆ ಬರಬೇಕಿದ್ದ ಕ್ಯಾಮೆರಾ ಬರದಂತೆ ಮಾಡಿದವನು ನಾನು. ವಿಮಾನ ನಿಲ್ದಾಣದಲ್ಲಿ ಕ್ಯಾಮೆರಾದ ಬೆಲೆಯಷ್ಟೇ ಸುಂಕ ಬೀಳುತ್ತದೆ ಎಂದು ನಾನು ಹೇಳಿದ್ದು ಸುಳ್ಳು. ತಂದವನ ಪಾಸ್‌ಪೋರ್ಟಿಗೆ ಠಸ್ಸೆ ಒತ್ತಿ, ಅವನು ಮತ್ತೆ ದೇಶ ಬಿಡದಂತೆ ಮಾಡುತ್ತಾರೆ ಎಂದದ್ದೂ ಸುಳ್ಳು. ತಪ್ಪು ತಿಳಿದು ಹೇಳಿದ್ದಲ್ಲ — ಸರಿಯಾದುದನ್ನು ಓದಿ, ಬರೆದುಕೊಂಡು, ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡೇ ನಿನಗೆ ಬೇರೆ ಹೇಳಿದೆ.

ಇಷ್ಟನ್ನು ಮೊದಲೇ ಬರೆದುಬಿಟ್ಟೆ. ಕಥೆ ಹೇಳುತ್ತ ಹೋದರೆ ಕೈ ತಾನಾಗಿ ನನ್ನ ಪರವಾಗಿ ತಿರುಗೀತು ಎಂಬ ಹೆದರಿಕೆ.

ನಾವಿಬ್ಬರೂ ಎಷ್ಟೋ ವರ್ಷ ಕೂಡಿ ಫೋಟೋ ತೆಗೆದವರು. ಬನಹಟ್ಟಿಯಲ್ಲಿ ನನ್ನ ಸ್ಟುಡಿಯೋ, ಸಾವಳಗಿಯಲ್ಲಿ ನಿನ್ನ ಮನೆ. ಲಗ್ನದ ಹಂಗಾಮು ಬಂದರೆ ಜಮಖಂಡಿ, ಮುಧೋಳ, ಬೀಳಗಿ ಎಂದು ಒಂದೇ ಮೋಟಾರ್ ಸೈಕಲ್ಲಿನ ಮೇಲೆ ತಿರುಗುತ್ತಿದ್ದೆವು. ನಾನು ಧಾರವಾಡದಲ್ಲಿ ಕೋರ್ಸ್ ಮಾಡಿ ಬಂದವನು, ನೌಕರಿಯ ಮನೆತನದವನು. ನೀನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಕುರಿಗಳ ಹಿಂದೆ ಹೋದವನು. ಯಾರದೋ ಹಳೆಯ ಕ್ಯಾಮೆರಾ ಹಿಡಿದು ಕಲಿತವನು. ಬೆಳಕು ಎಷ್ಟಿದೆ ಎಂದು ನಾನು ಮೀಟರು ನೋಡಿ ಹೇಳುತ್ತಿದ್ದೆ. ನೀನು ಬಿಸಿಲಿಗೆ ಅಂಗೈ ಚಾಚಿ ಹೇಳುತ್ತಿದ್ದೆ. ನಿನ್ನದೇ ಸರಿಯಾಗಿರುತ್ತಿತ್ತು.

ಮೊದಮೊದಲು ಅದು ನನಗೆ ಹೆಮ್ಮೆಯೇ ಆಗಿತ್ತು. ಆಮೇಲೆ ಮುಧೋಳದ ಆ ಮದುವೆ... ನಿನಗೆ ಗೊತ್ತಿಲ್ಲದ ಸಂಗತಿ ಇದು. ಆಲ್ಬಮ್ಮಿಗೆ ಫೋಟೋ ಆರಿಸುವ ದಿನ ನೀನು ಬಂದಿರಲಿಲ್ಲ. ಮದುಮಗಳ ಅಜ್ಜಿ ತನಗೆ ಹಿಡಿಸಿದವನ್ನು ಒಂದೊಂದಾಗಿ ತೆಗೆದು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಅಷ್ಟೂ ನಿನ್ನವು. ಯಾವುದು ಯಾರು ತೆಗೆದದ್ದು ಎಂದು ಆಕೆಗೇನು ಗೊತ್ತು? ಉಳಿದವನ್ನು — ನನ್ನವನ್ನು — ನನ್ನ ಕಡೆಗೆ ಸರಿಸಿ, "ಇದರಾಗ ಎಲ್ಲಾರ ಮಾರಿ ಕಾಣ್ತಾವ ಖರೆ. ಆದ್ರ ಯಾರೂ ನಮ್ಮ ಮಂದಿ ಅನ್ನಸಂಗಿಲ್ಲೋ ತಮ್ಮಾ" ಎಂದಳು. ನಾನು ನಕ್ಕೆ. ಆ ನಗು ಮುಖದ ಮೇಲೆ ಹಾಗೇ ಒಣಗಿ ಉಳಿಯಿತು. ಅಂದಿನಿಂದ ನಿನ್ನ ಪ್ರತಿ ರೋಲು ತೊಳೆದು ಬಂದಾಗ ನಾನು ಮೊದಲು ಹುಡುಕುತ್ತಿದ್ದುದು ಅದರಲ್ಲಿನ ತಪ್ಪನ್ನು.

ಚಿಕ್ಕಪಡಸಲಗಿಯ ಬ್ಯಾರೇಜು ತುಂಬಿದ ವರ್ಷ ನೋಡಲು ಹೋದೆವಲ್ಲ — ಭುಜಕ್ಕೆ ಭುಜ ತಾಗಿಸಿ ಒಂದೇ ಕಡೆ ನಿಂತಿದ್ದೆವು. ನನ್ನ ಕೈಯಲ್ಲಿದ್ದದ್ದು ನಿನ್ನದಕ್ಕಿಂತ ಒಳ್ಳೆಯ ಕ್ಯಾಮೆರಾ. ನಾನು ನೀರನ್ನು ತೆಗೆದೆ. ಆ ಬ್ಯಾರೇಜು ಕಟ್ಟುವಾಗ ಕಲ್ಲು ಹೊತ್ತಿದ್ದ ಮುದುಕರೊಬ್ಬರು ಗೋಡೆಯ ಮೇಲೆ ಅಂಗೈ ಇಟ್ಟು ನಿಂತಿದ್ದರು, ಮನೆಯ ಎತ್ತಿನ ಬೆನ್ನ ಮೇಲೆ ಇಡುವ ಹಾಗೆ. ನೀನು ಆ ಕೈಯನ್ನು ತೆಗೆದೆ.

ಜಮಖಂಡಿಯ ಫ್ರೇಮಿನ ಅಂಗಡಿಯಲ್ಲಿ ಅದನ್ನು ಕಂಡ ಹುಬ್ಬಳ್ಳಿಯ ಕ್ಯಾಲೆಂಡರಿನವರು ನಮ್ಮನ್ನು ಹುಡುಕಿಕೊಂಡು ಸ್ಟುಡಿಯೋಕ್ಕೇ ಬಂದರು. ಕೃಷ್ಣಾ ನದಿಯ ಬಗ್ಗೆ ಒಂದು ದೊಡ್ಡ ಕ್ಯಾಲೆಂಡರು ಮಾಡುವವರಿದ್ದರು. "ಇಂಥಾವು ಹನ್ನೆರಡು ಬೇಕ್ರಿ. ಆದ್ರ ಫಿಲ್ಮ್ ನಡಿಯಂಗಿಲ್ಲ. ದೊಡ್ಡ ಡಿಜಿಟಲ್ ಕ್ಯಾಮೆರಾ ಒಂದ ನೋಡಕೋರ್ರಿ, ಕೆಲಸ ನಿಮ್ದ" ಎಂದು ನಿನಗೆ ಹೇಳಿದರು. ನಿನಗೆ ಫೋನು ಇರಲಿಲ್ಲ. ಅವರಿಗೆ ನನ್ನ ಸ್ಟುಡಿಯೋದ ನಂಬರನ್ನೇ ಬರೆದುಕೊಟ್ಟೆವು.

ಅಂಥ ಕ್ಯಾಮೆರಾ ನಮ್ಮ ಕಡೆ ಸಿಗುತ್ತಿರಲಿಲ್ಲ. ಮುಂಬೈಯಿಂದ ತರಿಸಿದರೆ ಬೆಲೆ ಕೇಳುವಂತಿರಲಿಲ್ಲ. ನಿನ್ನ ಹೆಂಡತಿ ಲಕ್ಕವ್ವನ ತಮ್ಮ ಸಿದ್ದಪ್ಪ ದುಬೈಯಲ್ಲಿ ಮೆಕ್ಯಾನಿಕ್ ಆಗಿದ್ದ. ರಜೆಗೆ ಬರುವಾಗ ತರುತ್ತೇನೆ ಎಂದ. ನಿಮ್ಮವ್ವ ಬೀರಪ್ಪದೇವರಿಗೆ ಕಾಯಿ ಒಡೆಸಿ ಬಂದು, ಒಳ್ಳೊಳ್ಳೆಯ ಟಗರುಗಳನ್ನೇ ಆರಿಸಿ ಮಾರಿದಳು. "ಕುರಿ ಮತ್ತ ಈಯ್ತಾವ ತಗೋ" ಎಂದಳಂತೆ. ಅದನ್ನು ನೀನು ನನ್ನ ಮುಂದೆ ಎರಡೆರಡು ಸಲ ಹೇಳಿದೆ. ನನಗೋ — ನಮ್ಮ ಮನೆಯಲ್ಲಿ ನನ್ನ ಕ್ಯಾಮೆರಾಕ್ಕೆ ಯಾರೂ ಎಂದೂ ಒಂದು ಕಾಯಿ ಒಡೆಸಿರಲಿಲ್ಲ ಎಂಬುದಷ್ಟೇ ನೆನಪಾಯಿತು.

ಸಿದ್ದಪ್ಪ ಕಳಿಸಿದ ಇಂಗ್ಲಿಷ್ ದರಪಟ್ಟಿಯನ್ನು ನೀನು ನನ್ನ ಮೇಜಿನ ಮೇಲಿಟ್ಟೆ.

"ಮಲ್ಲೂ, ಅಲ್ಲಿ ಎಷ್ಟ ಅನ್ನೂದ ಗೊತ್ತಾತು. ಇಲ್ಲಿ ಇಳದ ಮ್ಯಾಲ ಏನೇನ ಬೀಳತೈತಿ, ಅದೊಂದ ನೋಡಿ ಹೇಳ. ನೀ ಹೇಳಿದ್ರ ನನಗ ಮುಗೀತು."

ಜಮಖಂಡಿಯ ಸೈಬರ್ ಕೆಫೆಯಲ್ಲಿ ಕೂತು ನೋಡಿದೆ. ಸುಂಕ ಇತ್ತು, ಕಡಿಮೆಯೇನೂ ಅಲ್ಲ. ಆದರೆ ಟಗರಿನ ದುಡ್ಡಿನಲ್ಲಿ ಅದೂ ಆಗುತ್ತಿತ್ತು. ಸಿದ್ದಪ್ಪ ರಸೀದಿ ತೆಗೆದುಕೊಂಡು ತಲೆಯೆತ್ತಿ ಹೊರಬರಬಹುದಿತ್ತು. ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡೆ. ನಂಬು, ಆಗ ನಿನಗೆ ಸರಿಯಾದುದನ್ನೇ ಹೇಳುವವನಿದ್ದೆ. ಬಸ್ಸಿನಲ್ಲಿ ಬರುವಾಗ ಎದುರಿಗೆ ಯಾವುದೋ ಅಂಗಡಿಯ ಗೋಡೆ, ಅದರ ಮೇಲೊಂದು ಕ್ಯಾಲೆಂಡರು. ಮುಂದಿನ ವರ್ಷ ಇಲ್ಲೆಲ್ಲ ನಿನ್ನ ಹೆಸರು. ನೇಕಾರರ ಓಣಿಯಲ್ಲಿ, ಬ್ಯಾಂಕಿನಲ್ಲಿ, ನನ್ನ ಅಪ್ಪ ಗುಮಾಸ್ತನಾಗಿದ್ದ ಕಚೇರಿಯಲ್ಲಿ. ನನ್ನ ಸ್ಟುಡಿಯೋಕ್ಕೂ ಯಾರೋ ಒಂದು ತಂದುಕೊಡುವರು, ನಾನೇ ಮೊಳೆ ಹೊಡೆದು ತೂಗುಹಾಕಬೇಕು...

"ಸುಂಕಾನ ಕ್ಯಾಮೆರಾದಷ್ಟ ಬೀಳತೈತಿ" ಎಂದೆ.

ನೀನು, "ಹಂಗಾರ ಇನ್ನಷ್ಟ ಟಗರ ಮಾರೂಣು" ಎಂದೆ.

ಆಗ ನನಗೆ ನಿಜಕ್ಕೂ ಭಯವಾಯಿತು. ಹಟ್ಟಿಯನ್ನೆಲ್ಲ ಮಾರಿಯಾದರೂ ನೀನು ತರಿಸುವವನೇ. ಆದರೆ ಇನ್ನೊಬ್ಬನ ಹೊಟ್ಟೆಯ ಮೇಲೆ ಹೊಡೆಯುವವನಲ್ಲ — ಇದು ನನ್ನಷ್ಟು ಚೆನ್ನಾಗಿ ಯಾರಿಗೆ ಗೊತ್ತಿತ್ತು? ಎರಡನೆಯ ಸುಳ್ಳು ಹುಟ್ಟಿದ್ದು ಅಲ್ಲಿ. ನಿನ್ನ ಒಳ್ಳೆಯತನವನ್ನೇ ಹಿಡಿದು ನಿನ್ನನ್ನು ತಡೆದೆ.

"ರೊಕ್ಕದ್ದ ಬಿಡೋ. ಸಿದ್ದಪ್ಪನ ಪಾಸ್‌ಪೋರ್ಟಿಗಿ ಠಸ್ಸಿ ಹೊಡಿತಾರ. ಮತ್ತ ದುಬೈ ಕಾಣಂಗಿಲ್ಲ ಅಂವಾ."

"ಏ, ಬ್ಯಾಡ ಬಿಡಪಾ ಹಂಗಾರ. ನನ್ನ ಹುಚ್ಚಿಗಿ ಅವನ ಅನ್ನಾ ಯಾಕ ಕಸೀಲಿ" ಎಂದೆ ನೀನು. ನನ್ನ ಫೋನಿನಿಂದಲೇ ನೀನು ಸಿದ್ದಪ್ಪನಿಗೆ ಬೇಡವೆಂದು ಹೇಳಿದೆ. ನಾನು ಎದುರಿಗೆ ಕೂತು ಚಹಾ ಕುಡಿಯುತ್ತಿದ್ದೆ.

ಮೂರು ತಿಂಗಳಿಗೆ ಅದೇ ನಮೂನೆಯ ಕ್ಯಾಮೆರಾ ನನ್ನ ಕೈಯಲ್ಲಿತ್ತು. ಮುಂಬೈಯಲ್ಲಿ ಕೊಂಡೆ ಎಂದು ನಿನಗೆ ಹೇಳಿದೆ. ತಂದದ್ದು ಸಿಂಗಾಪುರದಿಂದ ಬಂದ ನನ್ನ ಹೆಂಡತಿಯ ಅಣ್ಣ. ಸುಂಕ ಕಟ್ಟಿ ರಸೀದಿ ಪಡೆಯಲು ಅವನಿಗೆ ಹತ್ತು ನಿಮಿಷ ಹಿಡಿಯಿತಂತೆ. ಯಾರೂ ಯಾವ ಠಸ್ಸೆಯನ್ನೂ ಒತ್ತಲಿಲ್ಲ. ನೀನು ಅಂಗಿಗೆ ಕೈ ಒರೆಸಿಕೊಂಡು, ಒಮ್ಮೆ ಕೊಡು ಎಂದು ಕೈ ಚಾಚಿದೆ. "ಆಮ್ಯಾಲ ನೋಡೂವಂತಿ" ಎಂದು ನಾನು ಪೆಟ್ಟಿಗೆಯ ಮುಚ್ಚಳ ಹಾಕಿದೆ. ನಿನ್ನ ಕಣ್ಣು ಅದರ ಹಿಂದೆ ಹೋದರೆ ಏನು ಕಾಣುತ್ತದೋ ಎಂಬ ಹೊಟ್ಟೆಕಿಚ್ಚು — ಮುಟ್ಟಲೂ ಬಿಡಲಿಲ್ಲ.

ಇನ್ನು ಮುಂದಿನದು ನಿನಗೆ ಏನೇನೂ ಗೊತ್ತಿಲ್ಲ.

ನದಿಯ ದಂಡೆಗುಂಟ ಅಲೆದು ನಲವತ್ತು ಫೋಟೋ ತೆಗೆದು, ನಾನೊಬ್ಬನೇ ಹುಬ್ಬಳ್ಳಿಗೆ ಹೋದೆ. ಕ್ಯಾಲೆಂಡರಿನವರು ಒಂದೂ ಬಿಡದೆ ನೋಡಿದರು. ಸಭ್ಯ ಮನುಷ್ಯ. "ಕ್ಯಾಮೆರಾ ಭಾಳ ಛಲೋ ಐತ್ರಿ" ಎಂದರು. ಆಮೇಲೆ, "ಆ ಕೈಯಿನ ಫೋಟೋ ತಗದವರು ಎಲ್ಲದಾರ್ರಿ? ಕ್ಯಾಮೆರಾ ಇಲ್ಲಂದ್ರ ಬಿಡ್ರಿ. ನಾನ ಬಾಡಿಗಿ ತಂದ ಕೊಡ್ತೇನಿ. ಅವರನ್ನಷ್ಟ ಕಳಸ್ರಿ" ಎಂದರು.

ನಾನು ಹೇಳಿದೆ — "ಅಂವಾ ಫೋಟೋ ತಗಿಯೂದು ಬಿಟ್ಟಾನ್ರಿ."

ಆ ದಿನ ಅದು ಸುಳ್ಳಾಗಿತ್ತು. ಆ ದಿನ ನೀನು ಬೀಳಗಿಯಲ್ಲಿ ಬಸುರಿಯೊಬ್ಬಳ ಕುಬಸದ ಕಾರ್ಯಕ್ರಮದಲ್ಲಿ ಫೋಟೋ ತೆಗೆಯುತ್ತಿದ್ದೆ. ಆಮೇಲೂ ಎಷ್ಟೋ ವಾರ ಬಂದು, "ಹುಬ್ಬಳ್ಳಿಯವರ ಫೋನ್ ಬಂದಿತ್ತೇನ?" ಎಂದು ಕೇಳುತ್ತಿದ್ದೆ. ನಾನು ಇಲ್ಲ ಎನ್ನುತ್ತಿದ್ದೆ. ಅವರು ಎರಡು ಸಲ ಮಾಡಿದ್ದರು. ಕ್ರಮೇಣ ನೀನು ಕೇಳುವುದನ್ನು ಬಿಟ್ಟೆ. ಫಿಲ್ಮಿನ ಕಾಲ ಮುಗಿಯಿತು, ಕರೆಯುವವರು ಕಡಿಮೆಯಾದರು, ನೀನು ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳಿಗೆ ಚೀಟಿ ಕೊಡುವ ಕೆಲಸಕ್ಕೆ ಸೇರಿದೆ. ನನ್ನ ಮಾತು ಹಾಗೆ ನಿಜವಾಯಿತು.

ಕಳೆದ ತಿಂಗಳು ನಿಮ್ಮವ್ವನ ಪಿಂಚಣಿ ಅರ್ಜಿಗೆ ಫೋಟೋ ಬೇಕೆಂದು ಕರೆದುಕೊಂಡು ಬಂದೆಯಲ್ಲ. ಗಾಜಿನ ಕಪಾಟಿನಲ್ಲಿ ನೀನು ಆ ಕ್ಯಾಮೆರಾ ನೋಡಿದೆ. ಅದು ಕೆಟ್ಟು ಬಹಳ ದಿನವಾಗಿತ್ತು. ಹೊರದೇಶದ ಮಾಲು ಎಂದು ಇಲ್ಲಿ ಯಾರೂ ರಿಪೇರಿಗೆ ಹಿಡಿದಿರಲಿಲ್ಲ. "ಒಮ್ಮಿ ಹಿಡೀಲೇನ?" ಎಂದೆ ನೀನು. ಇಷ್ಟು ವರ್ಷದ ಮೇಲೆ, ಕೆಟ್ಟುಹೋದ ಮೇಲೆ, ನಾನು ಕೊಟ್ಟೆ. ನೀನು ಅದನ್ನು ಕಣ್ಣಿಗೆ ಹಚ್ಚಿ, ಸ್ಟೂಲಿನ ಮೇಲೆ ಕೂತಿದ್ದ ನಿಮ್ಮವ್ವನ ಕಡೆ ತಿರುಗಿ, ಬಹಳ ಹೊತ್ತು ನೋಡಿದೆ.

"ಎಷ್ಟ ಬೆಳಕೈತಲೇ ಇದರಾಗ!"

ಅದನ್ನು ಹಿಂದಿರುಗಿಸುತ್ತ ನೀನು ಹೇಳಿದ ಮಾತು ಕೇಳಿದಂದಿನಿಂದ ನಾನು ನಾನಾಗಿಲ್ಲ. "ಅವತ್ತ ನೀ ತಡದದ್ದು ಛಲೋ ಆತ ನೋಡ ಮಲ್ಲೂ. ಇಲ್ಲಂದ್ರ ಸಿದ್ದಪ್ಪನ ನೌಕರಿ ಹೋಗತಿತ್ತು. ಅದರ ಮ್ಯಾಲ ಮನಿ ಕಟ್ಟಿದಾ, ತಂಗೀ ಲಗ್ನಾ ಮಾಡಿದಾ. ಲಕ್ಕವ್ವ ಇವತ್ತಿಗೂ ನಿನ್ನ ಹೆಸರ ತಗೀತಾಳ." ನಿಮ್ಮವ್ವ ನನ್ನ ಕಡೆ ನೋಡಿ ಕೈ ಮುಗಿದಳು. ಹೇಳಬೇಕಿತ್ತು, ಆಗಲೇ, ಆಕೆಯ ಕೈ ಹಿಡಿದು ಕೆಳಗಿಳಿಸಿ ಹೇಳಬೇಕಿತ್ತು. ನಾನು ಲೈಟು ಹಾಕಿದೆ. ಅಲ್ಲಾಡಬೇಡವ್ವಾ ಎಂದೆ. ನಾಚಿಕೆಯ ಇನ್ನೊಂದು ಮಾತು: ಆಗಲೂ ನಿನ್ನ ಮುಖ ಕಂಡು ನನಗೆ ಹೊಟ್ಟೆಕಿಚ್ಚಾಯಿತು. ಎಲ್ಲ ಕಳಕೊಂಡವನು ಇಷ್ಟು ನಿರಾಳ ಹೇಗಿದ್ದಾನೆ ಎಂದು.

ಆ ಕ್ಯಾಮೆರಾ ರಿಪೇರಿ ಮಾಡಿಸಿ ನಿನಗೆ ಕೊಡೋಣ, ಅಥವಾ ಹೊಸದನ್ನೇ ಕೊಡೋಣ ಎಂದು ಯೋಚಿಸಿದ್ದುಂಟು. ಬಿಟ್ಟೆ. ಕೊಟ್ಟರೆ ನೀನು ಅದಕ್ಕೂ ಉಪಕಾರ ಎನ್ನುತ್ತೀ, ನಾನು ಅದನ್ನೂ ಕೇಳಿಸಿಕೊಂಡು ಕೂರುತ್ತೇನೆ.

ಬರುವ ರವಿವಾರ ಸಾವಳಗಿಗೆ ಬರುತ್ತೇನೆ. ಮಾತಿನಲ್ಲಿ ಹೇಳಲು ಹೋದರೆ ನಾನು ಏನಾದರೊಂದು ಸುತ್ತಿ ಹೇಳಿಯೇನು, ಅದಕ್ಕೆ ಬರೆದಿದ್ದೇನೆ. ಲಕ್ಕವ್ವ ಇರಲಿ, ನಿಮ್ಮವ್ವನೂ ಇರಲಿ. ನಾನು ಬಂದ ಮೇಲೆ ನೀನು ಇದನ್ನು ಅವರಿಗೆ ಕೇಳುವಂತೆ ಗಟ್ಟಿಯಾಗಿ ಓದು. ನಾನು ಎದುರಿಗೆ ಕೂತಿರುತ್ತೇನೆ. ಓದಿ ಮುಗಿದ ಮೇಲೆ ನೀವು ಏನಂದರೂ, ಏನೂ ಅನ್ನದಿದ್ದರೂ — ಹೋಗು ಎಂದು ನೀನು ಹೇಳುವವರೆಗೆ ನಾನು ಏಳುವುದಿಲ್ಲ.