ಕುಣಿಯದ ಕರ್ಪೂರ

ದಿನವೂ ಬೆಳಿಗ್ಗೆ ಏಳಕ್ಕೆ ಗುರುಪಾದಪ್ಪನವರು ಬಾಯ್ಲರಿಗೆ ಹೋಗುವ ನೀರಿನ ತೊಟ್ಟಿಯಿಂದ ಒಂದು ಬಟ್ಟಲು ನೀರು ತೆಗೆದು, ಆರಿಸಿ, ಅದರ ಮೇಲೆ ಸಾಸಿವೆಯಷ್ಟು ಕರ್ಪೂರ ಹಾಕಿ ನೋಡುತ್ತಿದ್ದರು. ನೀರು ಶುದ್ಧವಾಗಿದ್ದರೆ ಆ ಚೂರು ಹುಚ್ಚು ಹಿಡಿದಂತೆ ಗಿರಗಿರನೆ ಸುತ್ತಿ ಬಟ್ಟಲ ತುಂಬ ಓಡಾಡುತ್ತಿತ್ತು. ಕಣ್ಣಿಗೆ ಕಾಣದಷ್ಟು ಎಣ್ಣೆಯಿದ್ದರೂ ಸಾಕು, ಸತ್ತ ಇರುವೆಯಂತೆ ನಿಂತುಬಿಡುತ್ತಿತ್ತು. ಹುಬ್ಬಳ್ಳಿಯಲ್ಲಿ ಒಬ್ಬ ಮುದಿ ಫಿಟ್ಟರ್ ಕಲಿಸಿಕೊಟ್ಟ ಪರೀಕ್ಷೆ ಅದು. ಕರ್ಪೂರ ಮಾತ್ರ ಬಾಯ್ಲರಿನ ಶುಕ್ರವಾರದ ಪೂಜೆಯದು.

ನಾಗಸಂದ್ರದ ಆ ಕಾರ್ಖಾನೆಯಲ್ಲಿ ಎರಡು ಉಗಿಸುತ್ತಿಗೆಗಳಿದ್ದವು. ಕೆಂಪಗೆ ಕಾದ ಉಕ್ಕಿನ ಮೇಲೆ ಅವು ಬಿದ್ದರೆ ತುಮಕೂರು ರಸ್ತೆಯ ಚಹಾದಂಗಡಿಯಲ್ಲಿ ಲೋಟಗಳು ನಡುಗುತ್ತಿದ್ದವು. ಪ್ರತಿ ಏಟಿಗೂ ದುಡಿದು ದಣಿದ ಉಗಿ ಚಾವಣಿಯ ಕೊಳವೆಯಿಂದ ಬುಸುಗುಟ್ಟಿ ಆಕಾಶ ಸೇರುತ್ತಿತ್ತು. ಎಂಬತ್ಮೂರರ ಬೇಸಿಗೆಯಲ್ಲಿ ಎರಡು ಕೊಳವೆಬಾವಿಗಳಲ್ಲಿ ಒಂದು ಬತ್ತಿತು. ಬಾಯ್ಲರಿಗೆ ನೀರಿಲ್ಲದೆ ವಾರಕ್ಕೆ ಎರಡು ದಿನ ಸುತ್ತಿಗೆ ನಿಲ್ಲುವ ಸ್ಥಿತಿ ಬಂದಾಗ ಗುರುಪಾದಪ್ಪನವರು ಮಾಲೀಕರ ಮುಂದೆ ಕೈಕಟ್ಟಿ ನಿಂತು, "ಮ್ಯಾಲೆ ಹೋಗೋ ಉಗಿ ಹಿಡದು ಮತ್ತ ನೀರು ಮಾಡ್ತೀನ್ರಿ," ಎಂದಿದ್ದರು.

ಹಿಡಿಯುವುದು ಸುಲಭ, ತೊಳೆಯುವುದು ಕಷ್ಟ. ಸುತ್ತಿಗೆಯ ಸಿಲಿಂಡರಿಗೆ ಹಾಕಿದ ಎಣ್ಣೆಯನ್ನು ಉಗಿ ತನ್ನೊಡನೆ ಹೊತ್ತು ತರುತ್ತದೆ. ಆ ಎಣ್ಣೆ ಬಾಯ್ಲರ್ ಸೇರಿದರೆ ಒಳಗಿನ ಉಕ್ಕಿಗೆ ಮೆತ್ತಿಕೊಳ್ಳುತ್ತದೆ. ನೀರು ಉಕ್ಕನ್ನು ಮುಟ್ಟುವುದಿಲ್ಲ. ಒಳಗೆ ತುಂಬ ನೀರಿದ್ದೂ ತಗಡು ಕಾದು ಮೆತ್ತಗಾಗಿ ಉಬ್ಬುತ್ತದೆ, ಕೊನೆಗೆ ಸಿಡಿಯುತ್ತದೆ. ಅದಕ್ಕಾಗಿ ಅವರು ಮೂರು ತೊಟ್ಟಿ ಕಟ್ಟಿ, ತಣಿಸಿದ ನೀರನ್ನು ಸುಟ್ಟ ಕಲ್ಲಿದ್ದಲು ಮತ್ತು ತೆಂಗಿನ ನಾರಿನ ಮೂಲಕ ಸೋಸುತ್ತಿದ್ದರು. ಎಂಟು ದಿನಕ್ಕೊಮ್ಮೆ ನಾರು ಬದಲಿಸಬೇಕು. ಮಾಲೀಕರು ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಒಮ್ಮೆ ತಪ್ಪಿದರೂ ಉಗಿ ಹಿಡಿಯುವ ಕೊಳವೆ ಕತ್ತರಿಸಿ ಗುಜರಿಗೆ ಹಾಕುವುದು, ಗುರುಪಾದಪ್ಪನನ್ನು ಗೇಟಿನ ಹೊರಗೆ ನಿಲ್ಲಿಸುವುದು.

ಆ ನರಕ ಚತುರ್ದಶಿಯ ಬೆಳಿಗ್ಗೆ ಕರ್ಪೂರ ಕುಣಿಯಲಿಲ್ಲ.

ಇನ್ನೊಂದು ಚೂರು ಹಾಕಿದರು. ಅದೂ ನಿಂತಿತು. ಸುತ್ತಿಗೆ ನಡೆಸುವ ಬ್ಯಾಟರಾಯಪ್ಪ ಬಾಗಿಲಲ್ಲಿ ನಿಂತು ನಕ್ಕ. "ಏನ್ ಸ್ವಾಮೇರೇ, ನಿಮ್ ಕರ್ಪೂರಾನೂ ಎಣ್ಣೆನೀರು ಉಯ್ಕೊಂಡು ಮಲಗೈತಾ?"

ಚಿಕ್ಕಜಾಲದ ಆ ಮನುಷ್ಯನ ತಮಾಷೆ ಗುರುಪಾದಪ್ಪನವರಿಗೆ ಚುಚ್ಚಿದಂತಾಯಿತು. ನಸುಕಿನಲ್ಲಿ ಹೆಂಡತಿ ಈರವ್ವ ಅವರ ನೆತ್ತಿಗೂ ಮೈಗೂ ಹರಳೆಣ್ಣೆ ತಿಕ್ಕಿ, ಬಿಸಿನೀರು ಎರೆದಿದ್ದಳು. ಎಣ್ಣೆ ನೀರಿನಲ್ಲಿದೆಯೋ, ತಮ್ಮ ಬೆರಳಿನಲ್ಲಿದೆಯೋ?

ಬೂದಿಯಿಂದ ಕೈ ಉಜ್ಜಿದರು, ಬಟ್ಟಲು ಉಜ್ಜಿದರು. ಈ ಸಲ ತೊಟ್ಟಿಯ ನೀರಲ್ಲ, ಕೊಳವೆಬಾವಿಯ ತಿಳಿನೀರನ್ನೇ ತೆಗೆದುಕೊಂಡರು. ಕರ್ಪೂರ ಅಲ್ಲಿಯೂ ಅಲುಗಲಿಲ್ಲ. ಅಂದರೆ ಕೈ ಕೆಟ್ಟಿತ್ತು. ಆದರೆ ಕೈ ಕೆಟ್ಟಿದೆಯೆಂದ ಮಾತ್ರಕ್ಕೆ ತೊಟ್ಟಿಯ ನೀರು ಒಳ್ಳೆಯದೆಂದು ಆಗುವುದಿಲ್ಲ.

ಪಾಳಿಯ ಎಂಜಿನಿಯರ್ ಕಾಶಿನಾಥ ಗಡಿಯಾರ ನೋಡುತ್ತಲೇ ಬಂದರು. ರೈಲ್ವೆಯ ಕೊಂಡಿಗಳು ಮಧ್ಯಾಹ್ನದ ಲಾರಿಗೆ ಹೋಗಬೇಕಿತ್ತು. ಆಮೇಲೆ ಎರಡು ದಿನ ರಜೆ. ವಿಷಯ ಕೇಳಿ ಅವರಿಗೆ ನಿರಾಳವೇ ಆಯಿತು.

"ಎಣ್ಣೆ ಇರೋದು ನಿಮ್ ತಲೇಲಿ ಕಣ್ರೀ, ನೀರಲ್ಲಲ್ಲ. ನನ್ ಕೈ ನೋಡಿ, ಹಾಗೇ ಜಾರ್ತಿದೆ. ಇವತ್ತು ಯಾರ್ ಹಾಕಿದ್ರೂ ಅದು ನಿಲ್ಲತ್ತೆ. ಪುಸ್ತಕದಲ್ಲಿ 'ಸರಿಯಿದೆ' ಅಂತ ಬರೀರಿ, ಉಗಿ ಬಿಡ್ಸಿ."

ಗುರುಪಾದಪ್ಪನವರು ಪೆನ್ನು ತೆಗೆದುಕೊಂಡರು. ಬರೆದಿದ್ದರೆ ಯಾರೂ ಅವರನ್ನು ತಪ್ಪುಗಾರನೆನ್ನುತ್ತಿರಲಿಲ್ಲ. ಹಬ್ಬವೇ ಅವರ ಪರವಾಗಿ ಸಾಕ್ಷಿ ಹೇಳುತ್ತಿತ್ತು. ಆದರೆ ಕಾಶಿನಾಥರಿಗೆ ತಿಳಿಯದ ಸಂಗತಿಯೊಂದು ಅವರಿಗೆ ತಿಳಿದಿತ್ತು. ನಿನ್ನೆ ನಾರು ಬದಲಿಸುವ ದಿನ. ನಿನ್ನೆಯೇ ನೀರು ತುಂಬುವ ಹಬ್ಬ. ಯಶವಂತಪುರದ ಅವರ ವಠಾರದ ನಲ್ಲಿಯಲ್ಲಿ ನೀರು ಬರುವುದು ಸಂಜೆ ನಾಲ್ಕರಿಂದ ಐದು. ಆ ಒಂದು ಗಂಟೆಯಲ್ಲಿ ಹಂಡೆ ತುಂಬದಿದ್ದರೆ ಬೆಳಗಿನ ಸ್ನಾನವಿಲ್ಲ. ಹೊಸ ನಾರಿನ ಮೂಟೆಯನ್ನು ತೊಟ್ಟಿಯ ಪಕ್ಕದಲ್ಲಿಟ್ಟು, ಹಬ್ಬ ಮುಗಿದ ಮೇಲೆ ನೋಡಿದರಾಯಿತೆಂದು ಅವರು ಬಸ್ಸು ಹಿಡಿದಿದ್ದರು. ಮನೆಯ ನೀರಿಗಾಗಿ ಬಾಯ್ಲರಿನ ನೀರನ್ನು ಬಿಟ್ಟುಹೋಗಿದ್ದರು.

ಬಾಯ್ಲರಿನ ಮುಂದೆ, ಬೆಂಕಿ ನೋಡಿಕೊಳ್ಳುವ ವಹಾಬ್ ಬೆಂಕಿಬಾಗಿಲು ತೆರೆದು ಒಂದು ಸಲಿಕೆ ಕಲ್ಲಿದ್ದಲು ಎಸೆದ. ಬೆಳಕು ಅವನ ಎದೆಯವರೆಗೂ ಬಂದು ಬಿದ್ದಿತು. ತಗಡು ಸಿಡಿದರೆ ಮೊದಲು ಉಗಿ ಬರುವುದು ಆ ಬಾಗಿಲಿನಿಂದ.

"ವಹಾಬ್," ಗುರುಪಾದಪ್ಪನವರು ಕರೆದರು, "ಇವತ್ತು ಎಣ್ಣಿ ಮುಟ್ಟೀ ಏನಪಾ?"

"ನಿಮ್ಮ ಹಬ್ಬಕ್ಕೆ ನಾನ್ಯಾಕೆ ಎಣ್ಣೆ ಹಚ್ಕೊಳ್ಲಿ ಅಣ್ಣಾ? ನಮ್ ಮನೇಲಿ ಬರೀ ಚಾ, ಬನ್ನು."

"ಹಂಗಾರ ಬಾ. ಬೂದಿ ಹಾಕಿ ಕೈ ತಿಕ್ಕಿ ತೊಳಕೋ. ಸೋಪು ಬ್ಯಾಡ, ಅದರಾಗೂ ಜಿಡ್ಡೈತಿ."

ಕಾಶಿನಾಥರ ಮುಖ ಬಿಗಿಯಿತು. "ಟೈಮ್ ವೇಸ್ಟ್ ಮಾಡ್ತಿದೀರಿ."

"ಎರಡು ನಿಮಿಷ ಸಾಹೇಬ್ರ."

ಹಳೆಯ ಡಬ್ಬಿಯ ಕರ್ಪೂರವನ್ನು ಅವರ ಕೈ ಮುಟ್ಟಿಯಾಗಿತ್ತು. ಪೂಜೆಯ ಗೂಡಿನಿಂದ ಒಡೆಯದ ಪೊಟ್ಟಣ ತೆಗೆಯಲು ವಹಾಬನಿಗೇ ಹೇಳಿದರು. ಬಟ್ಟಲನ್ನು ಉಜ್ಜಿದವನೂ ಅವನೇ. ಮೊದಲು ಬಾವಿಯ ನೀರು. ಅವನ ಬೆರಳಿನಿಂದ ಬಿದ್ದ ಚೂರು ಒಂದು ಕ್ಷಣ ತಡೆದು, ತಟ್ಟನೆ ತಿರುಗಿ, ಅಂಚಿಗೆ ಬಡಿದು ಮರಳಿ ಸುತ್ತತೊಡಗಿತು. ಬ್ಯಾಟರಾಯಪ್ಪ ನಗಲಿಲ್ಲ.

"ಇನ್ನ ತೊಟ್ಟೀದು."

ವಹಾಬ್ ಬಟ್ಟಲನ್ನು ಮತ್ತೆ ಉಜ್ಜಿ, ತೊಟ್ಟಿಯ ನೀರು ತುಂಬಿ, ಅದು ಆರುವವರೆಗೆ ಕಾದ. ಸುತ್ತಿಗೆ ಬೀಳದ ಆ ಷೆಡ್ಡಿನಲ್ಲಿ ಬಾಯ್ಲರಿನ ಸಣ್ಣ ಸೀಟಿಯೊಂದೇ ಕೇಳುತ್ತಿತ್ತು. ಚೂರನ್ನು ಬಿಟ್ಟ.

ಅದು ಬಿದ್ದಲ್ಲಿಯೇ ನಿಂತಿತು. ನಾಲ್ವರೂ ಬಾಗಿ ನೋಡುತ್ತಿದ್ದರು. ವಹಾಬ್ ಮೆಲ್ಲಗೆ ಊದಿದ; ಅದು ಊದಿದಷ್ಟು ದೂರ ಸರಿದು ಮತ್ತೆ ನಿಂತಿತು.

"ನಾರು ಬದಲಾಯ್ಸಿದ್ರಿ ತಾನೇ?" ಕಾಶಿನಾಥರ ದನಿ ತಗ್ಗಿತ್ತು.

"ಇಲ್ರಿ. ನಿನ್ನೆ ನೀರು ತುಂಬೋದಿತ್ತು, ಹಂಗ ಹೋಗಿಬಿಟ್ಟೆ. ಬೆಂಕಿ ಎಳೀಬೇಕ್ರಿ, ಈಗಲೇ."

"ಏನ್ ಹೇಳ್ತಿದೀರಿ ಗೊತ್ತಾ? ಲಾರಿ ಹೋಗಲ್ಲ. ನಿಮ್ ಕೆಲಸಾನೂ ಹೋಗತ್ತೆ."

"ಗೊತ್ತೈತ್ರಿ."

ಕಾಶಿನಾಥರು ವಹಾಬನನ್ನು ನೋಡಿದರು. ವಹಾಬ್ ಬೆಂಕಿಬಾಗಿಲನ್ನು ನೋಡುತ್ತಿದ್ದ. "ಎಳೀರಿ," ಎಂದರು ಅವರು, ಯಾರ ಮುಖವನ್ನೂ ನೋಡದೆ.

ವಹಾಬ್ ಉದ್ದನೆಯ ಕೊಕ್ಕೆಯಿಂದ ಕೆಂಡ ಎಳೆಯುತ್ತಿದ್ದಾಗ ಗುರುಪಾದಪ್ಪನವರು ಅವನ ಪಕ್ಕದಲ್ಲಿಯೇ ನಿಂತಿದ್ದರು. ಬ್ಯಾಟರಾಯಪ್ಪ ಗದರಿದ. "ಇತ್ಲಾಗ್ ಬನ್ನಿ ಸ್ವಾಮೇರೇ, ಅಲ್ಲೇನ್ ಕೆಲಸ ನಿಮ್ಗೆ?" ಅವರು ಕದಲಲಿಲ್ಲ. ಒತ್ತಡದ ಮುಳ್ಳು ಇಳಿಯಲು ಮಧ್ಯಾಹ್ನವಾಯಿತು. ಖಾಲಿ ಲಾರಿ ಬಂದು ಖಾಲಿಯೇ ಮರಳಿತು.

ಹಬ್ಬ ಕಳೆದು ಬಾಯ್ಲರ್ ತೆರೆದಾಗ ಒಳಗೆ ಕಂದು ಬಣ್ಣದ ಜಿಡ್ಡು ಮೆತ್ತಿಕೊಂಡಿತ್ತು. ಬೆಂಕಿಗೂಡಿನ ನೆತ್ತಿಯ ತಗಡು ಅಂಗೈಯಗಲ ಕೆಳಕ್ಕೆ ಉಬ್ಬಿತ್ತು. ವಹಾಬ್ ಒಳಗೆ ತೆವಳಿ ಹೋಗಿ ಅದರ ಮೇಲೆ ಕೈಯಿಟ್ಟು ನೋಡಿ ಬಂದ. ಮೂರು ದಿನ ಗುರುಪಾದಪ್ಪನವರೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ಎರಡು ಬನ್ನು ತಂದು ಒಂದನ್ನು ಅವರ ಮುಂದಿಟ್ಟ.

ಮಾಲೀಕರು ನುಡಿದಂತೆ ನಡೆದರು. ಕೊಳವೆ ಕತ್ತರಿಸಲಾಯಿತು; ಗುರುಪಾದಪ್ಪನವರು ಕೆಲಸ ಬಿಡಬೇಕಾಯಿತು. ಯಲಹಂಕದ ಒಂದು ಅಕ್ಕಿ ಗಿರಣಿಯಲ್ಲಿ ಅವರು ನಾಲ್ಕು ತಿಂಗಳು ಹೇಗೋ ಕಳೆದರು. ಮಾರ್ಚಿನಲ್ಲಿ ಎರಡನೆಯ ಬಾವಿಯೂ ಬತ್ತಲು ಶುರುವಾದಾಗ ಕಾಶಿನಾಥರೇ ಅವರನ್ನು ಹುಡುಕಿಕೊಂಡು ಬಂದರು. ತಪ್ಪನ್ನು ತಾವೇ ಹೇಳಿದವರನ್ನೇ ಕರೆಯಿರೆಂದು ಮಾಲೀಕರು ಅಂದರಂತೆ. ಷರತ್ತು ಈ ಸಲ ಬೇರೆ: ನೀರು ಸೋಸುವುದು ಗುರುಪಾದಪ್ಪ, ಕರ್ಪೂರ ಹಾಕುವುದು ವಹಾಬ್.

ಮರುವರ್ಷದ ನೀರು ತುಂಬುವ ಹಬ್ಬದ ದಿನ ಅವರು ನಾರು ಬದಲಿಸಿ, ಎಣ್ಣೆಗಟ್ಟಿದ ಹಳೆಯದನ್ನು ಸುಟ್ಟು, ಮನೆಗೆ ಬಂದಾಗ ಆರೂವರೆ. ನಲ್ಲಿ ನಿಂತು ಹೋಗಿತ್ತು. ಈರವ್ವ ಒಬ್ಬಳೇ ಐದು ಕೊಡ ಹೊತ್ತು ಹಂಡೆಯನ್ನು ಅರ್ಧ ತುಂಬಿಸಿ, ಅದರ ಕುತ್ತಿಗೆಗೆ ಹೂವು ಕಟ್ಟಿ ಕೂತಿದ್ದಳು.

"ಅರ್ಧ ಹಂಡೆದಾಗ ಇಬ್ಬರು ಹೆಂಗ ಎರಕೊಳ್ಳೋದು?" ಎಂದಳು.

"ನೀ ಎರಕೋ," ಎಂದರು ಗುರುಪಾದಪ್ಪನವರು. "ನನಗ ನಾಳೆ ಪಾಳಿ ಐತಿ, ಎಣ್ಣಿ ಮುಟ್ಟಾಂಗಿಲ್ಲ."