ಹುರುಳಿ ಹಾಸಿದ ರಸ್ತೆ

ಅಗ್ನಿ ಸುರಕ್ಷತೆ ಬಗ್ಗೆ ಮಕ್ಕಳಿಂದ ಪೋಸ್ಟರ್ ಮಾಡಿಸಿ, ಒಂದನ್ನು ಸ್ಪರ್ಧೆಗೆ ಕಳಿಸಿ ಎಂದು ಮೇಲಿನಿಂದ ಆದೇಶ ಬಂದಾಗ ನನಗೆ ರೇಗಿಹೋಯಿತು. ನೀರಿಗೊಂದು, ಸ್ವಚ್ಛತೆಗೊಂದು, ಮತದಾನಕ್ಕೊಂದು ಅಂತ ಬರೆದೂ ಬರೆದೂ ನಮ್ಮ ಮಕ್ಕಳಿಗೆ ಗುಣಾಕಾರಕ್ಕಿಂತ ಘೋಷಣೆಗಳೇ ಚೆನ್ನಾಗಿ ಬರುತ್ತವೆ. ನಾನು ಶಿರಾದಿಂದ ದಿನಾ ಬಸ್ಸು ಹಿಡಿದು ಹುಲಿಕುಂಟೆ ಕಡೆಯ ಒಂದು ಹಳ್ಳಿಶಾಲೆಗೆ ಪಾಠ ಮಾಡಲು ಹೋಗುವವಳು. ಏಳನೇ ತರಗತಿಯವರನ್ನು ವರಾಂಡದಲ್ಲಿ ಕೂರಿಸಿ, ಡ್ರಾಯಿಂಗ್ ಶೀಟು ಕೊಟ್ಟು, ನೀವು ಕಂಡ ಬೆಂಕಿಯನ್ನು ಬರೆಯಿರಿ ಎಂದೆ.

ಎಲ್ಲರೂ ಗ್ಯಾಸ್ ಸಿಲಿಂಡರ್ ಬರೆದರು. ಅದರ ಪಕ್ಕ ಹತ್ತಂತಸ್ತಿನ ಕಟ್ಟಡ, ಕಟ್ಟಡಕ್ಕೆ ಏಣಿ ಚಾಚಿದ ಕೆಂಪು ಲಾರಿ. ಆ ಊರಲ್ಲಿ ನೀರಿನ ಟ್ಯಾಂಕಿಗಿಂತ ಎತ್ತರದ್ದು ಯಾವುದೂ ಇಲ್ಲ. ಒಬ್ಬ ಹುಡುಗಿ ಮಾತ್ರ ಟಾರು ರಸ್ತೆ ಬರೆದಳು. ರಸ್ತೆ ತುಂಬ ಹುರುಳಿ ಗಿಡ, ನಡುವೆ ಹೊತ್ತಿ ಉರಿಯುತ್ತಿರುವ ಬಿಳಿ ಕಾರು.

ಅದು ಅವಳ ಅಪ್ಪನ ಕಾರು. ಬಾಡಿಗೆಗೆ ಓಡಿಸುತ್ತಿದ್ದ. ಹಿಂದಿನ ಸುಗ್ಗಿಯಲ್ಲಿ ಹೊಳವನಹಳ್ಳಿ ಕಡೆಗೆ ಹೋದಾಗ, ಒಕ್ಕಣೆಗೆಂದು ರಸ್ತೆಗೆ ಹಾಸಿದ್ದ ಹುರುಳಿ ಚಕ್ರಕ್ಕೆ ಸುತ್ತಿಕೊಂಡು ಕಾರಿನಡಿಯ ಬಿಸಿಗೆ ಹೊತ್ತಿಕೊಂಡಿತು. ಕೂತಿದ್ದವರನ್ನೆಲ್ಲ ಎಳೆದು ಇಳಿಸಿದ. ಕಾರು ಉಳಿಯಲಿಲ್ಲ, ಸುಟ್ಟ ಬಲಗೈ ಬೆರಳುಗಳು ಇವತ್ತಿಗೂ ಮಡಚುವುದಿಲ್ಲ. ಈಗ ಪಾವಗಡದ ಸೋಲಾರ್ ಪಾರ್ಕಿನ ಕಡೆ ಕಾವಲು ಕೆಲಸ ಮಾಡುತ್ತಾನೆ.

ನಮ್ಮ ಸೀಮೆಯಲ್ಲಿ ಇದೇನೂ ಹೊಸದಲ್ಲ. ಹುರುಳಿ ಕಿತ್ತು ತಂದು ರಸ್ತೆಗೆ ಸುರಿಯುತ್ತಾರೆ. ಹೋಗಿಬರುವ ಬಸ್ಸು, ಲಾರಿ, ಕಾರುಗಳು ಪುಕ್ಕಟೆಯಾಗಿ ತುಳಿದು ಕಾಳು ಬಿಡಿಸಿಕೊಡಬೇಕು. ಓಡಿಸುವವನ ಹಣೆಬರಹ ಚೆನ್ನಾಗಿದ್ದರೆ ಆಚೆ ದಾಟುತ್ತಾನೆ.

"ಮಿಸ್, ಇದನ್ನ ರಸ್ತೆ ತಾವ ಹಾಕ್ಸಿ. ನೋಡುದ್ರೆ ಯಾರೂ ಹುರುಳಿ ಹಾಕಲ್ಲ," ಎಂದಳು ಹುಡುಗಿ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ, ಇನ್ನೊಬ್ಬರ ಅಪ್ಪನಿಗೆ ಹಾಗಾಗಬಾರದು. ಅವಳ ನಂಬಿಕೆ ಕಂಡು ನನಗೆ ಸಂಕಟವಾಯಿತು.

ಶಾಲಾ ಸಮಿತಿಯ ಅಧ್ಯಕ್ಷರು ಚಿತ್ರ ನೋಡಿ ಕೆಂಡವಾದರು. "ಏನ್ ಮಿಸ್, ನಮ್ಮೂರ ಮಾನ ಹರಾಜಾಕ್ತೀರಾ? ರಸ್ತೆ ಬ್ಯಾಡ ಅಂದ್ರೆ ಹುರುಳಿನ ತಲೆ ಮ್ಯಾಲೆ ಹಾಕ್ಕೊಳಾನಾ? ಆ ಸಿಲಿಂಡ್ರುದು ಕಳ್ಸಿ, ಚೆಂದಾಗೈತೆ." ಹೆಡ್‌ಮಾಸ್ಟರು ತಲೆಯಾಡಿಸಿದರು. ತಲೆಯಾಡಿಸುವುದರಲ್ಲಿ ಅವರನ್ನು ಮೀರಿಸುವವರನ್ನು ನಾನು ಕಂಡಿಲ್ಲ. ಸಿಲಿಂಡರ್ ಹೋಯಿತು, ಬಹುಮಾನವನ್ನೂ ಹೊತ್ತು ತಂದಿತು.

ನಾನು ಹಟಕ್ಕೆ ಬಿದ್ದೆ. ಹುಡುಗಿಯ ಚಿತ್ರವನ್ನು ಶಿರಾದಲ್ಲಿ ದೊಡ್ಡ ಫ್ಲೆಕ್ಸ್ ಮಾಡಿಸಿ ತಂದು, ಊರ ಮುಂದಿನ ಬೇವಿನ ಮರಕ್ಕೆ ಕಟ್ಟಿದೆ. ಹುಡುಗಿ ಹಲ್ಲಲ್ಲಿ ಹಗ್ಗ ಕಚ್ಚಿ ಎಳೆದು ಗಂಟು ಬಿಗಿದಳು. ಗೆದ್ದೆವು ಅಂದುಕೊಂಡೆ.

ಸಂಕ್ರಾಂತಿ ರಜೆ ಮುಗಿದ ಬೆಳಿಗ್ಗೆ ಬಂದರೆ ಮರದ ಮೇಲೆ ಹಗ್ಗದ ತುಂಡು ಮಾತ್ರ ಇತ್ತು. ಸ್ವಲ್ಪ ಮುಂದೆ ಅರ್ಧ ರಸ್ತೆಗೆ ಹುರುಳಿ ಹಾಸಿದ್ದರು. ಅಂಚಿನಲ್ಲಿ ಕಾಳಿನ ರಾಶಿ, ಮಣ್ಣಾಗದಿರಲೆಂದು ರಾಶಿಯ ಕೆಳಗೆ ನಮ್ಮ ಫ್ಲೆಕ್ಸು. ಬಿಳಿ ಕಾರಿನ ಮೂತಿ ಹೊರಗೆ ಕಾಣುತ್ತಿತ್ತು. ಮೊರ ಹಿಡಿದು ಕಾಳು ಕೇರುತ್ತಿದ್ದವಳು ಆ ಹುಡುಗಿಯ ಅಜ್ಜಿ. ಹುಡುಗಿ ಯೂನಿಫಾರ್ಮಿನಲ್ಲೇ ಪೊರಕೆ ಹಿಡಿದಿದ್ದಳು.

ಬಸ್ಸು ನಿಲ್ಲಿಸಿ ಇಳಿದೆ. ನಾಚಿಕೆಯಾಗುವುದಿಲ್ಲವಾ, ನಿಮ್ಮ ಮನೆಯಲ್ಲೇ ಆಗಿದ್ದನ್ನು ಮರೆತಿರಾ ಎಂದು ಬಾಯಿಗೆ ಬಂದಂತೆ ಬೈದೆ.

ಅಜ್ಜಿ ಮೊರ ಕೆಳಗಿಡಲಿಲ್ಲ. "ಬಯ್ಯಿ ಕಣಮ್ಮ. ಊರ ಕಣ ಇದ್ದ ಜಾಗದಾಗೇ ನಿಮ್ಮ ಇಸ್ಕೂಲು ಕಟ್ಬುಟ್ರು. ಇಷ್ಟು ಹುರುಳಿಗೆ ಮಿಷಿನ್‌ನೋನು ಬರಕಿಲ್ಲ. ಮನೇಲಿ ಕೋಲು ಹಿಡ್ದು ಬಡಿಯೋನು ನನ್ ಮಗ. ಅವನ ಕೈನಾಗೆ ಆಯ್ತದಾ, ನೀನೇ ಹೇಳು."

ನನ್ನ ಸಿಟ್ಟು ಇಳಿಯಲಿಲ್ಲ. ಅದನ್ನು ಯಾರ ಮೇಲೆ ಹಾಕಬೇಕೋ ತಿಳಿಯದೆ ಅಲ್ಲೇ ನಿಂತೆ.

ಅಷ್ಟರಲ್ಲಿ ಶಿರಾ ಕಡೆಯಿಂದ ಒಂದು ಕಾರು ಬಂತು. ಹುರುಳಿ ಕಂಡು ಓಡಿಸುವವನು ಬ್ರೇಕ್ ಹಾಕಿದ, ಖಾಲಿ ಇದ್ದ ಅರ್ಧ ರಸ್ತೆಯತ್ತ ತಿರುಗಿಸಲು ನೋಡಿದ. ಹುಡುಗಿ ನನ್ನ ಕಡೆ ತಿರುಗಿಯೂ ನೋಡದೆ ಓಡಿಹೋಗಿ ಆ ದಾರಿಗೆ ಅಡ್ಡ ನಿಂತಳು.

"ಇದ್ರ ಮ್ಯಾಲೇ ಬನ್ನಿ ಅಣ್ಣಾ, ಏನೂ ಆಗಲ್ಲ," ಎಂದು ಎರಡೂ ಕೈ ಬೀಸಿ ಕರೆದಳು.